ಸ್ಥಳೀಯ ಸಂಸ್ಥೆಗಳ ನೌಕರರಿಗೆ ಬಂದ ಸುದ್ದಿ ಯಾರಿಗೆ ಬಂದದ್ದು?

‘ಸ್ಥಳೀಯ ಸಂಸ್ಥೆಗಳ ನೌಕರರಿಗೆ ಸಿಹಿಸುದ್ದಿ’ ಎಂಬ ತಲೆಬರಹ ಮೊಬೈಲಿನಲ್ಲಿ ಹರಿದಾಡಿದ ದಿನ, ಒಂದೇ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕೆಲಸ ಮಾಡುವ ಎಂಟು ಹತ್ತು ಮಂದಿಯಲ್ಲಿ ಆ ಸುದ್ದಿ ನಿಜವಾಗಿ ಅನ್ವಯಿಸುವುದು ಒಬ್ಬಿಬ್ಬರಿಗೆ ಮಾತ್ರ. ಉಳಿದವರು ಅದನ್ನು ಹಂಚಿಕೊಳ್ಳುತ್ತಾರೆ, ತಿಂಗಳ ಕೊನೆಗೆ ಸಂಬಳದ ಖಾತೆ ನೋಡುತ್ತಾರೆ, ಏನೂ ಬದಲಾಗಿಲ್ಲವೆಂದು ಕಂಡು ಸಂಘದ ಪದಾಧಿಕಾರಿಗಳಿಗೆ ಕರೆ ಮಾಡುತ್ತಾರೆ. ಎಷ್ಟೋ ಸಲ ಸುದ್ದಿ ಸುಳ್ಳಾಗಿರುವುದಿಲ್ಲ. ಸ್ಥಳೀಯ ಸಂಸ್ಥೆಯ ನೌಕರರೆಲ್ಲ ಒಂದೇ ಬಗೆಯವರು ಎಂಬ ತಲೆಬರಹದ ಊಹೆಯಷ್ಟೇ ತಪ್ಪಾಗಿರುತ್ತದೆ. ವೇತನ, ಮುಂಬಡ್ತಿ, ಖಾಯಂ, ಪಿಂಚಣಿ ಈ ನಾಲ್ಕರಲ್ಲಿ ಯಾವ ಸುದ್ದಿ ಬಂದರೂ ಅದನ್ನು ಓದುವ ಮೊದಲು ತಿಳಿದಿರಬೇಕಾದ ಸಂಗತಿಗಳು ಎರಡು: ನಿಮ್ಮ ನೇಮಕಾತಿ ಆದೇಶಕ್ಕೆ ಸಹಿ ಹಾಕಿದವರು ಯಾರು, ನಿಮ್ಮ ಸಂಬಳ ಯಾವ ನಿಧಿಯಿಂದ ಬರುತ್ತದೆ.

ಒಂದೇ ಸೂರಿನಡಿ ಹಲವು ಬಗೆ

ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಇವುಗಳಿಗೆ ಆಧಾರವಾದ ಕಾಯ್ದೆ 1993ರದು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ ಬಂದ ಅದನ್ನು ಇಂದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂದು ಕರೆಯುತ್ತಾರೆ. ಈ ಕಾಯ್ದೆಯ ಚೌಕಟ್ಟಿನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಪಂಚಾಯಿತಿಯಲ್ಲಿ ಕೆಲಸ ಮಾಡಿದರೂ ರಾಜ್ಯ ಸರ್ಕಾರದ ನೌಕರರು. ಗ್ರೇಡ್-1 ಮತ್ತು ಗ್ರೇಡ್-2 ಕಾರ್ಯದರ್ಶಿಗಳು, ದ್ವಿತೀಯ ದರ್ಜೆ ಲೆಕ್ಕ ಸಹಾಯಕರು ಕೂಡ ಹಾಗೆಯೇ. ಇವರಿಗೆ ಸರ್ಕಾರದ ವೇತನ ಶ್ರೇಣಿ, ಸೇವಾ ನಿಯಮಗಳು, ವರ್ಗಾವಣೆ, ಇಲಾಖಾ ವಿಚಾರಣೆ ಎಲ್ಲವೂ ಇವೆ.

ಅದೇ ಕಚೇರಿಯ ಬಿಲ್ ಕಲೆಕ್ಟರ್, ಗುಮಾಸ್ತ ಅಥವಾ ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ, ಸ್ವಚ್ಛತಾಗಾರ ಇವರ ಕಥೆ ಬೇರೆ. ಅಧಿನಿಯಮದ 113ನೇ ಪ್ರಕರಣದ ಪ್ರಕಾರ ಇವರನ್ನು ನೇಮಿಸಿಕೊಳ್ಳುವ ಅಧಿಕಾರ ಪಂಚಾಯಿತಿಗಿದೆ. ಆದರೆ ಆ ನೇಮಕಕ್ಕೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಅನುಮೋದನೆ ಬೇಕು. ಪಂಚಾಯಿತಿ ನೌಕರರ ಬದುಕಿನಲ್ಲಿ ‘ಅನುಮೋದನೆ’ ಎಂಬ ಮಾತಿಗೆ ಇರುವ ತೂಕವನ್ನು ಹೊರಗಿನವರು ಊಹಿಸಲಾರರು. ಹದಿನೈದು ವರ್ಷ ಪ್ರತಿದಿನ ಬೆಳಿಗ್ಗೆ ಐದಕ್ಕೆ ಎದ್ದು ಮೋಟಾರು ಹಾಕಿ ಊರಿಗೆ ನೀರು ಬಿಟ್ಟವರಿಗೂ, ಅಂದಿನ ಸಾಮಾನ್ಯ ಸಭೆಯ ನಡವಳಿಯಲ್ಲಿ ಹೆಸರು ಬರೆದದ್ದನ್ನು ಬಿಟ್ಟರೆ ಬೇರೆ ದಾಖಲೆ ಇಲ್ಲದಿರಬಹುದು. ಅನುಮೋದನೆ ಆದವರ ಹೆಸರು ತಂತ್ರಾಂಶಕ್ಕೆ ಸೇರುತ್ತದೆ, ಸರ್ಕಾರದ ಅನುದಾನದಿಂದ ಸಂಬಳ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಆಗದವರ ಸಂಬಳ, ಪಂಚಾಯಿತಿಗೆ ಮನೆ ಕಂದಾಯ, ನೀರಿನ ತೆರಿಗೆ ಬಂದಾಗ ಬರುತ್ತದೆ. ಬಾರದಿದ್ದಾಗ ತಿಂಗಳುಗಟ್ಟಲೆ ನಿಲ್ಲುತ್ತದೆ.

ಹಣಕಾಸು ಆಯೋಗದ ಅನುದಾನದಿಂದಲೇ ಸಂಬಳ ಕೊಟ್ಟುಬಿಡಬಾರದೇಕೆ ಎಂದು ಹಲವರು ಕೇಳುತ್ತಾರೆ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ದೇಶದಾದ್ಯಂತ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದ ಹಣವಾಗಿತ್ತು. ಮಿಕ್ಕ ಶೇ 40ರಷ್ಟನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು, ಆದರೆ ಸಂಬಳಕ್ಕೂ ಕಚೇರಿಯ ಆಡಳಿತ ವೆಚ್ಚಕ್ಕೂ ಬಳಸುವಂತಿರಲಿಲ್ಲ. ಹೀಗಾಗಿ ಖಾತೆಯಲ್ಲಿ ಲಕ್ಷಗಟ್ಟಲೆ ರೂಪಾಯಿ ಇರುವ ಪಂಚಾಯಿತಿಯಲ್ಲೂ ನೀರುಗಂಟಿಯ ಸಂಬಳ ಬಾಕಿ ಇರುವುದು ಸಾಧ್ಯವಾಯಿತು. ಇದನ್ನು ಪಿಡಿಒ ಅವರ ಉದಾಸೀನ ಎಂದು ತಿಳಿದು ಜಗಳವಾಡಿದವರು ಬಹಳ. ಕೆಲವೊಮ್ಮೆ ಉದಾಸೀನವೂ ಇರುತ್ತದೆ, ಆದರೆ ಮೂಲ ಕಾರಣ ನಿಧಿಯ ಷರತ್ತು.

ಸರ್ಕಾರದ ನೌಕರರು, ಪಂಚಾಯಿತಿ ನೇಮಿಸಿಕೊಂಡವರು ಇವರಿಬ್ಬರನ್ನೂ ಬಿಟ್ಟು ಮತ್ತೊಂದು ಗುಂಪಿದೆ. ಉದ್ಯೋಗ ಖಾತ್ರಿ ಯೋಜನೆಯ ಆಡಳಿತ ವೆಚ್ಚದ ಬಾಬಿನಿಂದ ಗೌರವಧನ ಪಡೆಯುವವರು, ಏಜೆನ್ಸಿಯ ಮೂಲಕ ಬಂದ ಹೊರಗುತ್ತಿಗೆಯ ತಾಂತ್ರಿಕ ಸಿಬ್ಬಂದಿ, ಕಸದ ವಾಹನ ಓಡಿಸುವ ಸ್ವಸಹಾಯ ಸಂಘದ ಮಹಿಳೆಯರು ಇವರೆಲ್ಲ ಪಂಚಾಯಿತಿಯ ಕೆಲಸವನ್ನೇ ಮಾಡುತ್ತಾರೆ, ಆದರೆ ಕಾನೂನಿನ ಕಣ್ಣಿನಲ್ಲಿ ಪಂಚಾಯಿತಿಯ ನೌಕರರಲ್ಲ. ಸ್ವಚ್ಛವಾಹಿನಿ ಎಂದು ಕರೆಯುವ ಈ ಕಸದ ವಾಹನದ ಚಾಲಕಿಯರ ವಿಷಯದಲ್ಲಿ ಒಪ್ಪಂದ ಇರುವುದು ಪಂಚಾಯಿತಿಗೂ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಕ್ಕೂ ನಡುವೆ. ‘ಪಂಚಾಯಿತಿ ನೌಕರರಿಗೆ’ ಎಂದು ಹೊರಡುವ ಆದೇಶ ಇವರನ್ನು ಹೆಸರಿಸಿ ಹೇಳದ ಹೊರತು ಇವರಿಗೆ ತಾಕುವುದಿಲ್ಲ.

ನಗರಗಳಲ್ಲಿ ಇದೇ ವಿಂಗಡಣೆ ಬೇರೆ ಹೆಸರುಗಳಲ್ಲಿ ಕಾಣುತ್ತದೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪುರಸಭೆಗಳ ಅಧಿನಿಯಮ, ಮಹಾನಗರ ಪಾಲಿಕೆಗಳಿಗೆ 1976ರ ಅಧಿನಿಯಮ ಆಧಾರ. ಬೆಂಗಳೂರು ಈಗ ಪ್ರತ್ಯೇಕ ಕಾಯ್ದೆಯಡಿ ಬಂದಿದೆ: ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ 2025ರ ಮೇ 15ರಿಂದ ಜಾರಿಯಾಯಿತು, ಸೆಪ್ಟೆಂಬರ್ ತಿಂಗಳಲ್ಲಿ ಹಳೆಯ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಒಂದು ಸಂಸ್ಥೆ ಐದಾದಾಗ ನೌಕರರ ಹಂಚಿಕೆ, ಜ್ಯೇಷ್ಠತಾ ಪಟ್ಟಿ, ಯಾರ ಸೇವಾ ವಹಿ ಯಾವ ಪಾಲಿಕೆಯಲ್ಲಿ ಎಂಬ ಪ್ರಶ್ನೆಗಳು ಏಳುತ್ತವೆ. ಗ್ರಾಮ ಪಂಚಾಯಿತಿಯೊಂದು ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೆ ಏರಿದಾಗಲೂ ಇದೇ ಪ್ರಶ್ನೆ ಸಣ್ಣ ಪ್ರಮಾಣದಲ್ಲಿ ಎದುರಾಗುತ್ತದೆ, ಮತ್ತು ಅಲ್ಲಿಯೂ ಮೊದಲು ಕೇಳುವುದು ಅನುಮೋದನೆಯ ಪ್ರತಿಯನ್ನೇ.

ವೇತನದ ಸುದ್ದಿ: ಎರಡು ಬೇರೆ ಗಡಿಯಾರ

ಸರ್ಕಾರಿ ವೇತನ ಶ್ರೇಣಿಯಲ್ಲಿರುವವರ ಸಂಬಳ ವೇತನ ಆಯೋಗದ ಲೆಕ್ಕದಲ್ಲಿ ಏರುತ್ತದೆ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಪರಿಷ್ಕೃತ ವೇತನ ಆ ವರ್ಷದ ಆಗಸ್ಟ್ 1ರಿಂದ ಕೈಗೆ ಬಂತು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು ಎಂಬುದನ್ನು ಕೇಳಿ, ಸಂಬಳ ಹತ್ತು ಸಾವಿರ ಹೆಚ್ಚಿತೆಂದು ಎಷ್ಟೋ ಮಂದಿ ತಿಳಿದರು. ಲೆಕ್ಕ ಹಾಗಿಲ್ಲ. 2022ರ ಜುಲೈ 1ಕ್ಕೆ ಇದ್ದ ಶೇ 31ರ ತುಟ್ಟಿಭತ್ಯೆಯನ್ನು, ಅಂದರೆ 17,000ಕ್ಕೆ 5,270 ರೂಪಾಯಿಯನ್ನು, ಮೂಲ ವೇತನಕ್ಕೆ ಸೇರಿಸಿದರು. ಅದರ ಜೊತೆಗೆ ಹಳೆಯ ಮೂಲ ವೇತನದ ಶೇ 27.5ರಷ್ಟನ್ನು, ಅಂದರೆ 4,675 ರೂಪಾಯಿಯನ್ನು, ಫಿಟ್‌ಮೆಂಟ್ ಎಂಬ ಹೆಚ್ಚಳವಾಗಿ ಕೊಟ್ಟರು. ಒಟ್ಟು 26,945, ಅದು ಶ್ರೇಣಿಯಲ್ಲಿ 27,000 ಆಯಿತು. ತುಟ್ಟಿಭತ್ಯೆಯ ರೂಪದಲ್ಲಿ ಮೊದಲೇ ಬರುತ್ತಿದ್ದ ಹಣವನ್ನು ಕಳೆದರೆ ನಿಜವಾದ ಏರಿಕೆ ಫಿಟ್‌ಮೆಂಟ್‌ನಷ್ಟು. ಅದರಲ್ಲೂ ಮೂಲ ವೇತನದ ಶೇ 17ರಷ್ಟು ಮಧ್ಯಂತರ ಪರಿಹಾರವಾಗಿ 2023ರ ಏಪ್ರಿಲ್‌ನಿಂದಲೇ ಸಿಗುತ್ತಿತ್ತು. ವೇತನ ನಿಗದಿ 2022ರ ಜುಲೈ 1ರಿಂದ ಕಾಗದದ ಮೇಲೆ, ಹಣ 2024ರ ಆಗಸ್ಟ್ 1ರಿಂದ ಎಂಬ ಈ ಅಂತರದ ನಡುವೆ ನಿವೃತ್ತರಾದವರು ತಮ್ಮ ನಿವೃತ್ತಿ ಸೌಲಭ್ಯಗಳನ್ನು ಹೊಸ ಲೆಕ್ಕದಲ್ಲೇ ಕೊಡಬೇಕೆಂದು ಬೇಡಿಕೆ ಇಟ್ಟದ್ದು ಸಹಜವೇ ಆಗಿತ್ತು.

ಈ ಆಯೋಗ ಪಂಚಾಯಿತಿಯ ಪಿಡಿಒ, ಕಾರ್ಯದರ್ಶಿ, ಲೆಕ್ಕ ಸಹಾಯಕರಿಗೆ ಅನ್ವಯಿಸಿತು. ಪಕ್ಕದ ಮೇಜಿನ ಬಿಲ್ ಕಲೆಕ್ಟರ್‌ಗೆ ಅನ್ವಯಿಸಲಿಲ್ಲ. ಅವರ ಸಂಬಳ ಏರುವುದು ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಅಧಿಸೂಚನೆಯಿಂದ. ಅದರಲ್ಲಿ ಎರಡು ಭಾಗಗಳಿವೆ. ಮೂಲ ಕನಿಷ್ಠ ವೇತನವನ್ನು ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತಾರೆ. ಅದರ ಮೇಲಿನ ವ್ಯತ್ಯಸ್ತ ತುಟ್ಟಿಭತ್ಯೆಯನ್ನು ಗ್ರಾಹಕ ಬೆಲೆ ಸೂಚ್ಯಂಕ ಏರಿದಂತೆ ಲೆಕ್ಕ ಹಾಕಿ, ಪ್ರತಿ ವರ್ಷ ಏಪ್ರಿಲ್ 1ರಿಂದ ಕೊಡಬೇಕು. ಈ ಎರಡನೆಯ ಭಾಗದ ಬಗ್ಗೆ ದೊಡ್ಡ ತಲೆಬರಹ ಬರುವುದಿಲ್ಲ, ಹಾಗಾಗಿ ಹಲವು ಕಡೆ ತುಟ್ಟಿಭತ್ಯೆಯ ವ್ಯತ್ಯಾಸ ಸೇರದೆಯೇ ಹಳೆಯ ಸಂಬಳ ಮುಂದುವರಿಯುತ್ತದೆ. ಏಪ್ರಿಲ್ ತಿಂಗಳ ಸಂಬಳ ಮಾರ್ಚ್‌ನಷ್ಟೇ ಇದ್ದರೆ, ಆ ವರ್ಷದ ಅಧಿಸೂಚನೆಯ ಪ್ರತಿಯೊಂದಿಗೆ ಪಿಡಿಒ ಅವರಿಗೆ ಮತ್ತು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ಲಿಖಿತ ಮನವಿ ಕೊಡುವುದು ಮೊದಲ ಹೆಜ್ಜೆ.

ಕರಡು ಮತ್ತು ಅಂತಿಮ ಎಂಬ ವ್ಯತ್ಯಾಸವನ್ನೂ ಇಲ್ಲಿಯೇ ಹೇಳಬೇಕು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನ ಪರಿಷ್ಕರಣೆಯ ಕರಡು ಅಧಿಸೂಚನೆಯನ್ನು ಪ್ರಕಟಿಸಿದಾಗ, ಹೊಸ ದರ ಜಾರಿಯಾಯಿತೆಂಬ ಸಂದೇಶಗಳು ಅಂದೇ ಓಡಾಡಿದವು. ಕರಡು ಎಂದರೆ ಆಕ್ಷೇಪಣೆಗೆ ಕರೆದ ಪ್ರಸ್ತಾವ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಇದಕ್ಕೆ ಕನಿಷ್ಠ ಎರಡು ತಿಂಗಳ ಅವಕಾಶ ಕೊಡಬೇಕೆಂದಿತ್ತು. ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬರುವವರೆಗೆ ಯಾರ ಸಂಬಳವೂ ಬದಲಾಗುವುದಿಲ್ಲ.

ಮೇಲಕ್ಕೆ ಹೋಗುವ ದಾರಿಗಳು

ಅವಕಾಶಗಳ ವಿಷಯದಲ್ಲಿ ಬಿಲ್ ಕಲೆಕ್ಟರ್‌ಗಳ ಸ್ಥಾನ ವಿಶಿಷ್ಟವಾದುದು. ಪಂಚಾಯಿತಿಯ ನೌಕರರಾಗಿದ್ದೂ ಸರ್ಕಾರಿ ಸೇವೆಯೊಳಗೆ ಹೋಗುವ ಬಾಗಿಲು ಇವರಿಗಿದೆ: ಗ್ರೇಡ್-2 ಕಾರ್ಯದರ್ಶಿ ಮತ್ತು ದ್ವಿತೀಯ ದರ್ಜೆ ಲೆಕ್ಕ ಸಹಾಯಕ ಹುದ್ದೆಗಳಲ್ಲಿ ಒಂದು ಪಾಲನ್ನು, ನಿಗದಿತ ವಿದ್ಯಾರ್ಹತೆ ಮತ್ತು ಸೇವಾವಧಿ ಇರುವ ಬಿಲ್ ಕಲೆಕ್ಟರ್‌ಗಳಿಂದ ಜಿಲ್ಲಾ ಮಟ್ಟದ ಜ್ಯೇಷ್ಠತೆಯ ಆಧಾರದಲ್ಲಿ ತುಂಬುವ ಪದ್ಧತಿ ಇದೆ. ಅಲ್ಲಿಂದ ಗ್ರೇಡ್-1 ಕಾರ್ಯದರ್ಶಿ, ನಂತರ ಪಿಡಿಒ ಹುದ್ದೆಯವರೆಗೂ ಮುಂಬಡ್ತಿಯ ಸಾಲು ಹೋಗುತ್ತದೆ. ಮನೆ ಮನೆ ತಿರುಗಿ ಕಂದಾಯ ಎತ್ತಿದವರು ಅದೇ ತಾಲ್ಲೂಕಿನಲ್ಲಿ ಪಿಡಿಒ ಕುರ್ಚಿಯಲ್ಲಿ ಕುಳಿತ ಉದಾಹರಣೆಗಳು ಇರುವುದು ಈ ಸಾಲಿನಿಂದಾಗಿಯೇ.

ಆದರೆ ಜ್ಯೇಷ್ಠತೆ ಎಣಿಸುವುದು ಕೆಲಸಕ್ಕೆ ಬಂದ ದಿನದಿಂದಲೋ, ಅನುಮೋದನೆಯ ದಿನದಿಂದಲೋ ಎಂಬ ಪ್ರಶ್ನೆಗೆ ಪ್ರತಿ ಜಿಲ್ಲೆಯಲ್ಲೂ ತಕರಾರಿದೆ. ಜಿಲ್ಲಾ ಪಂಚಾಯಿತಿ ಹೊರಡಿಸುವ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲು ಕೊಡುವ ದಿನಗಳು ಕೆಲವೇ. ಆ ಪಟ್ಟಿ ತಾಲ್ಲೂಕು ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸಿದ್ದು ಗೊತ್ತಾಗುವಷ್ಟರಲ್ಲಿ ಅವಧಿ ಮುಗಿದಿರುವುದೂ ಉಂಟು. ಅಂತಿಮ ಪಟ್ಟಿಯಲ್ಲಿ ಹೆಸರು ಕೆಳಗಿಳಿದ ಮೇಲೆ ಅದನ್ನು ಸರಿಪಡಿಸಲು ನ್ಯಾಯಾಲಯದ ಮೆಟ್ಟಿಲೇ ಹತ್ತಬೇಕಾಗುತ್ತದೆ. ಆದ್ದರಿಂದ ತಾತ್ಕಾಲಿಕ ಪಟ್ಟಿಯ ಸುದ್ದಿ, ಓದಲು ನೀರಸವಾಗಿ ಕಂಡರೂ, ವೇತನ ಹೆಚ್ಚಳದ ಸುದ್ದಿಗಿಂತ ಹೆಚ್ಚು ಬೆಲೆಯದು ಎಂಬುದು ಈ ಲೇಖಕನ ಅಭಿಪ್ರಾಯ.

ಎರಡನೆಯ ದಾರಿ ನೇರ ನೇಮಕಾತಿ. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗ ಪಿಡಿಒ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿದಾಗ ಒಟ್ಟು ಹುದ್ದೆಗಳು 247. ಅವುಗಳಲ್ಲಿ 97 ಕಲ್ಯಾಣ ಕರ್ನಾಟಕದ ವೃಂದಕ್ಕೆ, 150 ಉಳಿಕೆ ಮೂಲ ವೃಂದಕ್ಕೆ, ಅಂದರೆ ರಾಜ್ಯದ ಉಳಿದ ಭಾಗಕ್ಕೆ. ಸಂವಿಧಾನದ 371ಜೆ ವಿಧಿಯಡಿ 2013ರಲ್ಲಿ ಬಂದ ಆದೇಶದಂತೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳ ಶೇ 80ರಷ್ಟು ಆ ಭಾಗದ ಸ್ಥಳೀಯರಿಗೆ ಮೀಸಲು. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯ ಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳದವರು ಅರ್ಜಿಯ ಕೊನೆಯ ವಾರದಲ್ಲಿ ಓಡಾಡುವುದು ಪ್ರತಿ ಸಲದ ನೋಟ.

ಸೇವೆಯಲ್ಲಿರುವವರಿಗೆ ನೇರ ನೇಮಕಾತಿಯಲ್ಲಿ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಆಯೋಗದ ಅಧಿಸೂಚನೆಗಳಲ್ಲಿ ವಯೋಮಿತಿ ಸಡಿಲಿಕೆಯ ಭಾಗದಲ್ಲಿ, ರಾಜ್ಯ ಸರ್ಕಾರದ ಅಥವಾ ಸ್ಥಳೀಯ ಪ್ರಾಧಿಕಾರದ ಹುದ್ದೆಯಲ್ಲಿರುವ ಅಭ್ಯರ್ಥಿಗೆ ಸಲ್ಲಿಸಿದ ಸೇವೆಯಷ್ಟು ವರ್ಷ ಅಥವಾ 10 ವರ್ಷ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಸಡಿಲಿಕೆ ಎಂಬ ಸಾಲು ಇರುತ್ತದೆ. ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ಕ್ಕೆ 40 ಎಂಬ ಎಂದಿನ ಮಿತಿಯ ಮೇಲೆ ಇದು ಸೇರುತ್ತದೆ. ಉದಾಹರಣೆಗೆ 2ಎ ಪ್ರವರ್ಗಕ್ಕೆ ಸೇರಿದ, ಏಳು ವರ್ಷ ಸೇವೆ ಇರುವ ನೌಕರರೊಬ್ಬರಿಗೆ ಮಿತಿ 45 ಆಗುತ್ತದೆ. ಇಲ್ಲಿ ‘ಹುದ್ದೆಯಲ್ಲಿರುವ’ ಎಂಬ ಮಾತು ಮುಖ್ಯ. ಹೊರಗುತ್ತಿಗೆಯವರಿಗೆ ಇದು ಅನ್ವಯಿಸುವುದಿಲ್ಲ. ಅನ್ವಯಿಸುವವರೂ ನೇಮಕಾತಿ ಪ್ರಾಧಿಕಾರದ ಸೇವಾ ಪ್ರಮಾಣಪತ್ರ, ನಿರಾಕ್ಷೇಪಣಾ ಪತ್ರ ಹೊಂದಿರಬೇಕು. ಕೇಳಿದ ಕೂಡಲೇ ಆ ಪತ್ರ ಕೊಡುವ ಕಚೇರಿಗಳೂ ಇವೆ, ಹಾಗೆಯೇ ಕೊಡದ ಕಚೇರಿಗಳೂ ಇವೆ. ಹೀಗಾಗಿ ಅರ್ಜಿ ಹಾಕುವ ಮೊದಲೇ ಲಿಖಿತ ಕೋರಿಕೆ ಸಲ್ಲಿಸಿ ಸ್ವೀಕೃತಿ ಪಡೆಯುವುದು ಕ್ಷೇಮ.

2024ರ ಅಕ್ಟೋಬರ್ ಕೊನೆಯಿಂದ ಹೊಸ ನೇಮಕಾತಿ ಅಧಿಸೂಚನೆಗಳು ಬಹುಕಾಲ ನಿಂತವು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸದಾಗಿ ನೇಮಕಾತಿ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿದ್ದೇ ಕಾರಣ. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿಯ ನಂತರ, 2025ರ ಆಗಸ್ಟ್ 19ರಂದು ಸಂಪುಟ ಶೇ 17ರ ಮೀಸಲಾತಿಯನ್ನು 6, 6, 5 ಎಂದು ಮೂರು ಗುಂಪುಗಳಿಗೆ ಹಂಚಲು ಒಪ್ಪಿತು. ಈ ಅವಧಿಯಲ್ಲಿ ‘ಗ್ರಾಮ ಪಂಚಾಯಿತಿಗಳಲ್ಲಿ ಸಾವಿರಾರು ಹುದ್ದೆ, ಇಂದೇ ಅರ್ಜಿ ಹಾಕಿ’ ಎಂದು ಬಂದ ಕೊಂಡಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಸರ್ಕಾರಿ ವೃಂದದವರಿಗೆ ಇನ್ನೊಂದು ಮಾತು. ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳು ಮತ್ತು 2012ರ ನಿಯಮಗಳಡಿಯ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಎರಡೂ ಮುಂಬಡ್ತಿಗೆ ತಡೆಯಾಗಬಲ್ಲವು. ಮುಂಬಡ್ತಿ ಸಮಿತಿ ಸೇರುವ ದಿನ ಸೇವಾ ವಹಿಯಲ್ಲಿ ತೇರ್ಗಡೆಯ ನಮೂದು ಇಲ್ಲದಿದ್ದರೆ ಕಿರಿಯರು ಮುಂದೆ ಹೋಗುತ್ತಾರೆ, ಪರೀಕ್ಷೆ ಪಾಸಾಗಿದ್ದರೂ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿಗಳ ಪ್ರಮಾಣಪತ್ರವನ್ನೂ ಅದೇ ವಹಿಯಲ್ಲಿ ನಮೂದಿಸಿಕೊಳ್ಳುವುದು ಒಳ್ಳೆಯದು.

ಖಾಯಂ

ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸುವ, ಎಲ್ಲಕ್ಕಿಂತ ಹೆಚ್ಚು ನಿರಾಸೆ ಮಾಡುವ ಸುದ್ದಿ ಖಾಯಂ ಆಗುವುದರದು. ಇದರ ಕಾನೂನು ಹಿನ್ನೆಲೆ ಕರ್ನಾಟಕದಲ್ಲಿಯೇ ಹುಟ್ಟಿದ್ದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಪ್ರಕರಣದಲ್ಲಿ, ಉಮಾದೇವಿ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2006ರ ಏಪ್ರಿಲ್ 10ರಂದು ಕೊಟ್ಟಿತು. ಸಾರ್ವಜನಿಕ ಹುದ್ದೆಗೆ ಎಲ್ಲರಿಗೂ ಸಮಾನ ಅವಕಾಶ ಇರಬೇಕು, ಹಿಂಬಾಗಿಲಿನಿಂದ ಬಂದವರನ್ನು ವರ್ಷಗಳು ಕಳೆದವು ಎಂಬ ಒಂದೇ ಕಾರಣಕ್ಕೆ ಖಾಯಂ ಮಾಡುವಂತಿಲ್ಲ ಎಂಬುದು ಅದರ ತಿರುಳು. ಆದರೆ ಅದೇ ತೀರ್ಪು ಒಂದು ವಿನಾಯಿತಿಯನ್ನೂ ಕೊಟ್ಟಿತು: ಮಂಜೂರಾದ ಹುದ್ದೆಯಲ್ಲಿ, ಅಗತ್ಯ ಅರ್ಹತೆ ಹೊಂದಿ, ನ್ಯಾಯಾಲಯದ ತಡೆಯಾಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ಅಥವಾ ಹೆಚ್ಚು ಕಾಲ ಕೆಲಸ ಮಾಡಿದವರನ್ನು, ಅವರ ನೇಮಕದಲ್ಲಿ ಲೋಪವಿದ್ದರೂ, ಒಂದು ಬಾರಿಯ ಕ್ರಮವಾಗಿ ಖಾಯಂ ಮಾಡಲು ಸರ್ಕಾರಗಳು ಪರಿಶೀಲಿಸಬೇಕು.

‘ಒಂದು ಬಾರಿ’ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಸ್ಥಳೀಯ ಸಂಸ್ಥೆಯೊಂದರ ನೌಕರರ ಪ್ರಕರಣದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಗದಗ ಜಿಲ್ಲಾ ಪಂಚಾಯಿತಿಯ ದಿನಗೂಲಿ ನೌಕರರಿಗೆ ಸಂಬಂಧಿಸಿದ ಕೇಸರಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಅರ್ಹರೆಲ್ಲರನ್ನೂ ಪರಿಗಣಿಸಿ ಮುಗಿಸುವವರೆಗೆ ಆ ಒಂದು ಬಾರಿಯ ಕ್ರಮ ಮುಗಿದಂತಲ್ಲ ಎಂದು ಹೇಳಿತು. ಕೆಲವರನ್ನು ಬಿಟ್ಟು ಪ್ರಕ್ರಿಯೆ ಮುಚ್ಚಿದ ಸಂಸ್ಥೆಗಳು ಬಿಟ್ಟುಹೋದವರನ್ನು ಮತ್ತೆ ಪರಿಗಣಿಸಬೇಕಾಯಿತು.

ಇತ್ತೀಚಿನ ತೀರ್ಪುಗಳ ಧ್ವನಿ ಇನ್ನಷ್ಟು ಬದಲಾಗಿದೆ. 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ, ಕೇಂದ್ರ ಜಲ ಆಯೋಗದಲ್ಲಿ ದಶಕಗಟ್ಟಲೆ ಸ್ವಚ್ಛತಾ ಕೆಲಸ ಮಾಡಿದವರನ್ನು ಖಾಯಂ ಮಾಡಲು ಆದೇಶಿಸಿದ ನ್ಯಾಯಾಲಯ, ನಿರಂತರ ಸ್ವರೂಪದ ಕೆಲಸವನ್ನು ತಾತ್ಕಾಲಿಕ ಎಂಬ ಹಣೆಪಟ್ಟಿಯಡಿ ವರ್ಷಗಟ್ಟಲೆ ಮಾಡಿಸಿಕೊಂಡು ಕೊನೆಗೆ ಉಮಾದೇವಿ ತೀರ್ಪನ್ನೇ ಮುಂದೆ ಮಾಡುವುದು ಆ ತೀರ್ಪಿನ ಆಶಯವಲ್ಲ ಎಂದಿತು. ಮರುತಿಂಗಳು ಗಾಜಿಯಾಬಾದ್ ನಗರ ನಿಗಮದ ತೋಟಗಾರರ ಪ್ರಕರಣದಲ್ಲೂ ಅದೇ ನಿಲುವು ಮುಂದುವರಿಯಿತು. ಹಾಗಿದ್ದರೂ ಈ ತೀರ್ಪುಗಳನ್ನು ಓದಿ ಎಲ್ಲ ಗುತ್ತಿಗೆ ನೌಕರರೂ ಖಾಯಂ ಆಗುತ್ತಾರೆಂದು ಬರೆಯುವವರನ್ನು ನಂಬಬಾರದು. ಹುದ್ದೆ ಮಂಜೂರಾಗಿತ್ತೇ, ಕೆಲಸ ನಿರಂತರವೇ, ಸಂಸ್ಥೆ ನೇರವಾಗಿ ನೇಮಿಸಿತ್ತೇ, ಹಾಜರಾತಿ ದಾಖಲೆ ಇದೆಯೇ ಎಂಬುದನ್ನು ಪ್ರತಿ ಪ್ರಕರಣದಲ್ಲೂ ಬೇರೆಯಾಗಿಯೇ ನೋಡುತ್ತಾರೆ. ಏಜೆನ್ಸಿಯ ಮೂಲಕ ಬಂದವರ ಹಾದಿ ಇನ್ನೂ ಕಠಿಣ, ಏಕೆಂದರೆ ತಮ್ಮ ನಿಜವಾದ ಮಾಲೀಕ ಸಂಸ್ಥೆಯೇ ಹೊರತು ಗುತ್ತಿಗೆದಾರನಲ್ಲ ಎಂಬುದನ್ನು ಅವರು ಮೊದಲು ಸಾಬೀತು ಮಾಡಬೇಕು.

ನ್ಯಾಯಾಲಯದ ಹೊರಗೆ, ಸರ್ಕಾರದ ನಿರ್ಧಾರದಿಂದಲೇ ಖಾಯಂ ಆದ ದೊಡ್ಡ ಉದಾಹರಣೆ ಪೌರಕಾರ್ಮಿಕರದು. ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲಿಯೇ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕೆಂದು ಹೇಳಿತ್ತು. ಆದರೆ ಮುಂದಿನ ದಶಕಗಳಲ್ಲಿ ನಗರಗಳು ಬೆಳೆದಂತೆ ಕೆಲಸ ಗುತ್ತಿಗೆದಾರರ ಕೈಗೆ ಹೋಯಿತು. ಹೋರಾಟಗಳ ಫಲವಾಗಿ ಮೊದಲು ಗುತ್ತಿಗೆದಾರರನ್ನು ಬದಿಗಿಟ್ಟು ಸಂಸ್ಥೆಯೇ ಸಂಬಳ ಕೊಡುವ ‘ನೇರ ಪಾವತಿ’ ಬಂತು. 2022ರ ಜುಲೈನ ಮುಷ್ಕರದ ನಂತರ ಸರ್ಕಾರ ನೇರ ಪಾವತಿಯವರನ್ನು ಹಂತ ಹಂತವಾಗಿ ಖಾಯಂ ಮಾಡಲು ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ನೇಮಕಾತಿ ಆದೇಶ ಸಿಕ್ಕಿತು. ಈ ಕ್ರಮದ ಗೆರೆ ಎಲ್ಲಿ ನಿಂತಿತೆಂಬುದನ್ನು ಗಮನಿಸಿ: ಬೀದಿ ಗುಡಿಸುವವರು ನೇರ ಪಾವತಿಗೆ ಬಂದರು, ಅವರು ಕೂಡಿಹಾಕಿದ ಕಸವನ್ನು ತುಂಬುವ ಲೋಡರ್‌ಗಳು, ಆಟೊ ಟಿಪ್ಪರ್ ಓಡಿಸುವ ಚಾಲಕರು, ಸಹಾಯಕರು ಹೊರಗುತ್ತಿಗೆಯಲ್ಲೇ ಉಳಿದರು. ಅವರ ಬೇಡಿಕೆ ನೇರ ಪಾವತಿಯೇ ಆಗಿತ್ತು. ಖಾಯಂ ಅದರ ಮುಂದಿನ ಮೆಟ್ಟಿಲು.

ಆದೇಶ ಓದುವ ಬಗೆ, ಮತ್ತು ನಿವೃತ್ತಿಯ ಹಣ

ಸರ್ಕಾರಿ ಆದೇಶದ ಸಂಖ್ಯೆಯ ಮೊದಲ ಅಕ್ಷರಗಳೇ ಅರ್ಧ ವಿಷಯ ಹೇಳುತ್ತವೆ. ‘ಗ್ರಾಅಪ’ ಎಂದು ಆರಂಭವಾದರೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು, ‘ನಅಇ’ ಎಂದರೆ ನಗರಾಭಿವೃದ್ಧಿ ಇಲಾಖೆ, ‘ಆಇ’ ಆರ್ಥಿಕ ಇಲಾಖೆ, ‘ಸಿಆಸುಇ’ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ನಗರಾಭಿವೃದ್ಧಿ ಇಲಾಖೆಯ ಆದೇಶ ಗ್ರಾಮ ಪಂಚಾಯಿತಿಯ ನೀರುಗಂಟಿಗೆ ಅನ್ವಯಿಸುವುದಿಲ್ಲ, ಅದರಲ್ಲಿ ‘ಸ್ಥಳೀಯ ಸಂಸ್ಥೆ’ ಎಂಬ ಪದ ಎಷ್ಟೇ ಸಲ ಬಂದಿರಲಿ. ಹಣದ ಹೊರೆ ಇರುವ ಆದೇಶವಾದರೆ ಕೊನೆಯ ಭಾಗದಲ್ಲಿ ಆರ್ಥಿಕ ಇಲಾಖೆಯ ಸಹಮತಿಯ ಟಿಪ್ಪಣಿ ಸಂಖ್ಯೆ ಮತ್ತು ದಿನಾಂಕ ಇರಬೇಕು. ಸಚಿವರ ಭರವಸೆ, ಸದನದ ಉತ್ತರ, ಇಲಾಖೆ ಸರ್ಕಾರಕ್ಕೆ ಬರೆದ ಪ್ರಸ್ತಾವನೆ ಇವು ಯಾವುವೂ ಆದೇಶಗಳಲ್ಲ. 2024ರ ಅಕ್ಟೋಬರ್‌ನಲ್ಲಿ ಪಿಡಿಒಗಳು ಮತ್ತು ಪಂಚಾಯಿತಿ ನೌಕರರು ಬೆಂಗಳೂರಿನಲ್ಲಿ ನಡೆಸಿದ ಧರಣಿಯ ಬೇಡಿಕೆಗಳ ಪಟ್ಟಿಯನ್ನೇ, ಒಪ್ಪಿಗೆಯಾದ ಆದೇಶವೆಂಬಂತೆ ಹಂಚಿದವರೂ ಇದ್ದರು.

ಪಿಂಚಣಿಯಲ್ಲಿ ದಿನಾಂಕವೇ ಎಲ್ಲ. ರಾಜ್ಯದಲ್ಲಿ ಹೊಸ ಪಿಂಚಣಿ ಯೋಜನೆ 2006ರ ಏಪ್ರಿಲ್ 1ರಿಂದ ಜಾರಿಯಾಯಿತು. ಆ ದಿನಾಂಕಕ್ಕೆ ಮೊದಲು ಹೊರಟ ಅಧಿಸೂಚನೆಯ ಮೂಲಕ ಆಯ್ಕೆಯಾಗಿ, ಅದರ ನಂತರ ಕೆಲಸಕ್ಕೆ ಸೇರಿದ ಸುಮಾರು 13 ಸಾವಿರ ನೌಕರರಿಗೆ ಹಳೆಯ ಪಿಂಚಣಿಯ ಆಯ್ಕೆ ಕೊಡುವ ಆದೇಶ 2024ರ ಜನವರಿಯಲ್ಲಿ ಬಂತು. ಇಲ್ಲಿ ಎಣಿಕೆಗೆ ಬಂದದ್ದು ಅಧಿಸೂಚನೆಯ ದಿನಾಂಕ.

ಸರ್ಕಾರಿ ವೃಂದದ ಹೊರಗಿರುವವರಿಗೆ ಮಾಸಿಕ ಪಿಂಚಣಿಯ ಆಸರೆ ಇಲ್ಲ, ಆದರೆ ಉಪದಾನದ, ಅಂದರೆ ಗ್ರಾಚ್ಯುಟಿಯ, ಹಕ್ಕನ್ನು ಮರೆಯಬಾರದು. 1972ರ ಉಪದಾನ ಪಾವತಿ ಕಾಯ್ದೆಯನ್ನು 1982ರಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಇರುವ ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸಲಾಯಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಲೆಕ್ಕದ ಸೂತ್ರ ಹಳೆಯದೇ. ಐದು ವರ್ಷ ಸೇವೆ ಮುಗಿಸಿದವರಿಗೆ, ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಬಂದ ಮೊತ್ತವನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ನಿವೃತ್ತಿಯ ವೇಳೆಗೆ ತಿಂಗಳಿಗೆ 15,600 ರೂಪಾಯಿ ಪಡೆಯುತ್ತಿದ್ದ, 20 ವರ್ಷ ದುಡಿದ ನೀರುಗಂಟಿಯೊಬ್ಬರಿಗೆ ವರ್ಷಕ್ಕೆ 9,000ದಂತೆ 1,80,000 ರೂಪಾಯಿ ಆಗುತ್ತದೆ. ಸಿಬ್ಬಂದಿ ಹತ್ತಕ್ಕಿಂತ ಕಡಿಮೆ ಇದ್ದರೆಂದು ಪಂಚಾಯಿತಿ ನಿರಾಕರಿಸಿದಾಗ, ಹಿಂದೆ ಎಂದಾದರೂ ಹತ್ತು ಮಂದಿ ಇದ್ದರೇ ಎಂದು ಹಾಜರಿ ಪುಸ್ತಕ ತೆಗೆಸಿ ನೋಡುವುದು ಅಗತ್ಯ, ಏಕೆಂದರೆ ಒಮ್ಮೆ ಕಾಯ್ದೆಯೊಳಗೆ ಬಂದ ಸಂಸ್ಥೆ ಸಿಬ್ಬಂದಿ ಇಳಿದರೂ ಅದರೊಳಗೇ ಉಳಿಯುತ್ತದೆ. ಹಣ ಸಂದಾಯವಾಗಬೇಕಾದ ದಿನದಿಂದ 30 ದಿನದೊಳಗೆ ಪಂಚಾಯಿತಿಗೆ ಅರ್ಜಿ ಕೊಡಬೇಕು. ಪಾವತಿಗೂ 30 ದಿನಗಳ ಗಡುವಿದೆ, ತಡವಾದರೆ ಬಡ್ಡಿ ಸೇರುತ್ತದೆ. ಕೊಡದಿದ್ದರೆ ದೂರು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಅಧಿಕಾರಿಗೆ, ತಾಲ್ಲೂಕು ಪಂಚಾಯಿತಿಗಲ್ಲ.